ಹಂಡೆ ಒಲೆಗೆ ಹೋದ ಬೀಜ

"ಕೈ ಕಡ್ದಾಕ್ಬೇಕು ಕಣ್ಲಾ ನಿಂದು! ಮೂವತ್ತು ವರ್ಸದಿಂದ ಕಾಪಾಡ್ಕಂಡು ಬಂದಿದ್ದ ಬೀಜ ಕಣ್ಲಾ ಅದು. ಬೂದಿ ಮಾಡ್ಬುಟ್ಟಲ್ಲೋ ಮನೆಹಾಳ!"

ಬೆಳಿಗ್ಗೆ ಏಳು ಗಂಟೆಗೇ ಚಿಕ್ಕಬೋರಮ್ಮ ಹಿತ್ತಿಲಲ್ಲಿ ನಿಂತು ಮಗನಿಗೆ ಬೈಯುತ್ತಿದ್ದಳು. ಮಗ ಲೋಕೇಶ್ ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು, ಮೇಷ್ಟ್ರು ಬೆಂಚಿನ ಮೇಲೆ ಹತ್ತಿಸಿದ ಹುಡುಗನಂತೆ ನಿಂತಿದ್ದ. ವಯಸ್ಸು ನಲವತ್ತಾರು. ಊರಿನ ಹಾಲಿನ ಡೇರಿಗೆ ಸೆಕ್ರೆಟರಿ.

ಆಗಿದ್ದು ಇಷ್ಟೇ. ಡೇರಿಗೆ ಬಳಿದು ಅರ್ಧ ಬಕೆಟ್ ಬಣ್ಣ ಮಿಕ್ಕಿತ್ತು. ಹಿಂದಿನ ದಿನ ಅವ್ವ ಸಂತೆಗೆ ಹೋಗಿದ್ದಾಗ, ಬಣ್ಣ ಒಣಗಿಹೋಗುವ ಮುಂಚೆ ಹಿತ್ತಿಲ ಗೋಡೆಗೆ ಬಳಿಯೋಣವೆಂದು ಲೋಕೇಶ್ ಗೋಡೆ ಕೆರೆದ. ಗೋಡೆಯ ಮೇಲೆ ಸಗಣಿಯ ಬಿಲ್ಲೆಗಳಿದ್ದವು. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಬೀಜಕ್ಕೆ ಹುಳ ಬೀಳದಿರಲೆಂದು ಅದನ್ನು ಬೂದಿ, ಸಗಣಿಯಲ್ಲಿ ಕಲೆಸಿ ಅವ್ವ ಗೋಡೆಗೆ ತಟ್ಟಿಡುತ್ತಿದ್ದಳು. ಹುಡುಗನಾಗಿದ್ದಾಗಿನಿಂದ ಅದನ್ನು ನೋಡಿದ್ದವನಿಗೆ ಅಷ್ಟಾದರೂ ಗೊತ್ತಿರಬೇಕಿತ್ತು. ಬೆರಣಿ ಚೂರು ಅಂದುಕೊಂಡು ಎಲ್ಲವನ್ನೂ ಬಚ್ಚಲಿನ ಹಂಡೆ ಒಲೆಗೆ ಹಾಕಿದ. ಬೆಳಿಗ್ಗೆ ಅದರಲ್ಲೇ ನೀರು ಕಾಯಿಸಿ ಸ್ನಾನ ಮಾಡಿದ. ಮೂವತ್ತು ವರ್ಷದ ತಳಿ ಎರಡು ಕೊಡ ನೀರು ಕಾಯಿಸಿ ಮುಗಿದುಹೋಯಿತು.

"ಪ್ಯಾಟೇಲಿ ಪ್ಯಾಕೆಟ್ ಸಿಕ್ತದೆ ಬುಡವ್ವ" ಅಂದ.

"ಪ್ಯಾಕೆಟ್ಟಾ? ನನ್ನ ತಿಥಿಗೆ ಬಡ್ಸು ಪ್ಯಾಕೆಟ್ ಬದ್ನೆಕಾಯ! ಸಂಜೆ ಆರರ ಬಸ್ಸು ಬರೋ ಒತ್ಗೆ ನನ್ನ ಬೀಜ ಈ ಮನೇಲಿರ್ಬೇಕು. ಇಲ್ಲಾಂದ್ರೆ ನಾನು ಹೇಮನ ಮನೆಗೆ ಓಯ್ತೀನಿ. ತಿರ್ಗಿ ಬರಕ್ಕಿಲ್ಲ."

ಲೋಕೇಶನ ತಂಗಿ ಹೇಮ ನಾಗಮಂಗಲದಲ್ಲಿದ್ದಳು. ಸಿಕ್ಕ ಸಿಕ್ಕ ಮದುವೆಮನೆಯಲ್ಲೆಲ್ಲ "ನಮ್ಮವ್ವ ಅಲ್ಲಿ ಸೊರಗೋಗವ್ಳೆ, ನಾನಾದ್ರೂ ಇಟ್ಕತೀನಿ" ಎಂದು ಎಂಟು ವರ್ಷದಿಂದ ಹೇಳಿಕೊಂಡು ಬರುತ್ತಿದ್ದಳು. ಅವ್ವ ಹೋದರೆ ಊರವರು ಹೆತ್ತವಳನ್ನು ಓಡಿಸಿದ ಅನ್ನುತ್ತಾರೆ. ಸಾಲದ್ದಕ್ಕೆ ಮನೆಯ ಎರಡು ಹಸುಗಳು ಅವ್ವನನ್ನು ಬಿಟ್ಟು ಬೇರೆ ಯಾರು ಮುಟ್ಟಿದರೂ ಒದೆಯುತ್ತಿದ್ದವು. ತನ್ನ ಹಸುವಿನ ಹಾಲು ತಾನೇ ಕರೆಯಲಾಗದ ಡೇರಿ ಸೆಕ್ರೆಟರಿ ಊರಲ್ಲಿ ಯಾವ ಮುಖ ಇಟ್ಟುಕೊಂಡು ತಿರುಗಬೇಕು?

"ಪ್ರಮೀಳಾ, ಹೇಮಂಗೆ ಮಾತ್ರ ಪೋನ್ ಮಾಡ್ಬೇಡ ಕಣೇ" ಎಂದು ಹೆಂಡತಿಗೆ ಕೈಮುಗಿದು ಹೊರಟ.

ಬೀದಿಗೆ ಕಾಲಿಡುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಎದುರು ಮನೆಯ ದ್ಯಾವಯ್ಯ ಜಗುಲಿಯಿಂದಲೇ ಕೂಗಿದ. "ಅದ್ಯಾಕ್ಲಾ ಅಂಗೆ ಸಾಯ್ತೀಯ? ದಪ್ಪ ಮೆಣ್ಸಿನ್ಕಾಯಿ ಆಕ್ಲಾ, ಕೆಂಪು ಅಳದಿ ಎಲ್ಡೂ ಬತ್ತದೆ. ನೋಡಕ್ಕೆ ಲೈಟಾಕ್ದಂಗಿರ್ತದೆ."

"ನೀನ್ ಸುಮ್ಕಿರಣ್ಣೋ."

ಪಕ್ಕದ ಮನೆಯ ಮುದುಕಿ ದೊಡ್ಡತಾಯಮ್ಮ ಅಡ್ಡ ಬಂದಳು. "ನಿಮ್ಮವ್ವ ನಂಗೂ ಬದ್ನೆ ಬೀಜ ಕೊಟ್ಟಿದ್ಲು ಕಣಪ್ಪ, ಇಪ್ಪತ್ತು ವರ್ಸದ ಇಂದೆ. ನಮ್ಮ ಮಣ್ಣು ಸರಿಗಿಲ್ಲ, ಕಾಯಿ ಬರೀ ಕಹಿ. ಓದ್ವರ್ಸ ಅದ್ನೂ ಕಿತ್ತಾಕ್ದೆ. ಬೂಕನಕೆರೆ ಮಾರಮ್ಮಂಗೂ ಕೊಟ್ಟಿದ್ಲಲ್ಲ, ಅವ್ಳತ್ರ ಇರ್ತದೆ ನೋಡು."

ಮಾರಮ್ಮ ಅವ್ವನಿಗೆ ದಾಯಾದಿ ತಂಗಿ. ಇಬ್ಬರಿಗೂ ಮಾತಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಬೀಗರೂಟದಲ್ಲಿ, ಮಾರಮ್ಮ ಮಾಡಿದ ಬದನೆಕಾಯಿ ಗೊಜ್ಜನ್ನು ಅವ್ವ ನೂರು ಜನರೆದುರು ಕಲಗಚ್ಚು ಅಂದಿದ್ದಳು. ಅಲ್ಲಿಗೆ ಹೋಗುವ ಬದಲು ಹೇಮಾವತಿ ನಾಲೆಗೆ ಹಾರುವುದು ವಾಸಿ ಅನ್ನಿಸಿತು ಲೋಕೇಶನಿಗೆ. ಮೊದಲು ಕೆ.ಆರ್. ಪೇಟೆಯ ಬೀಜದ ಅಂಗಡಿಗೆ ಬೈಕು ತಿರುಗಿಸಿದ.

ಅಂಗಡಿಯ ಸಿದ್ದೇಶ ಪ್ಯಾಕೆಟ್ಟುಗಳನ್ನು ಇಸ್ಪೀಟು ಎಲೆಯಂತೆ ಹರಡಿದ. ಗುಂಡು ಬದನೆ, ನೇರಳೆ ಬದನೆ, ಬಿಳಿ ಬದನೆ, ಪಟ್ಟೆ ಬದನೆ. ದ್ರಾಕ್ಷಿಯಷ್ಟಿರುವ ಟೊಮ್ಯಾಟೊ, ಗೋಡೆಗೆ ಹೊಡೆದರೂ ಒಡೆಯದ ಟೊಮ್ಯಾಟೊ. ಬಜ್ಜಿ ಮೆಣಸಿನಕಾಯಿ, ಸೂಜಿ ಮೆಣಸಿನಕಾಯಿ.

"ಬದ್ನೆಕಾಯಿ ಗೇಣುದ್ದ, ತಿಳಿ ಹಸಿರು, ಬಾಯ್ಗಿಟ್ರೆ ಬೆಣ್ಣೆ ಅಂಗೆ ಕರಗ್ಬೇಕು. ನಮ್ಮವ್ವಂದು."

"ನಿಮ್ಮವ್ವಂದ್ನ ಕಂಪ್ನಿಯೋರು ಇನ್ನೂ ಪ್ಯಾಕ್ ಮಾಡ್ನಿಲ್ಲ ಕಣಣ್ಣ" ಅಂದ ಸಿದ್ದೇಶ.

ಬೇರೆ ದಾರಿಯಿರಲಿಲ್ಲ. ಬಿರುಬಿಸಿಲಿನಲ್ಲಿ ಬೂಕನಕೆರೆ ಸೇರಿದ. ಮಾರಮ್ಮ ಇವನ ಕತೆಯನ್ನು ಪೂರ್ತಿ ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಹಬ್ಬದ ಮನೆಯಂತಾಯಿತು.

"ಕೊಡ್ತೀನಿ ಬಾ ಮಗ. ಗಿಡದಲ್ಲೇ ಅಣ್ಣಾಗವೆ ಮೂರು. ನಾಟಿ ಟಮಾಟೊ, ಮೆಣ್ಸಿನ್ಕಾಯಿ ಬೀಜಾನೂ ಕೊಡ್ತೀನಿ. ಮೊದ್ಲು ಉಣ್ಣು ಕೂತ್ಕ."

ಮುದ್ದೆಯ ಜೊತೆ ಬದನೆಕಾಯಿ ಗೊಜ್ಜು ಬಂತು. ಲೋಕೇಶ್ ಒಂದು ತುತ್ತು ಅದ್ದಿ ಬಾಯಿಗಿಟ್ಟ. ಬೇವಿನ ಸೊಪ್ಪನ್ನು ಅರೆದು ಕುಡಿಸಿದಂತಾಯಿತು. ಪಾಪ, ಇವಳ ಮಣ್ಣೂ ಸರಿಯಿಲ್ಲ ಅಂದುಕೊಂಡ. ಕಣ್ಣಲ್ಲಿ ನೀರು ಬಂತು. ಮಾರಮ್ಮ ಅದನ್ನು ಆನಂದಬಾಷ್ಪ ಅಂದುಕೊಂಡು ಮೊಬೈಲು ಎತ್ತಿ ಮುಖದೆದುರು ಹಿಡಿದಳು.

"ಯಾರ್ದು ಚೆಂದಾಗದೆ ಏಳು. ನಂದೋ, ನಿಮ್ಮವ್ವಂದೋ?"

"ಚಿಕ್ಕವ್ವ, ಅದೆಲ್ಲ ಯಾಕೀಗ..."

"ಬೀಜ ಬೇಕಾ, ಬ್ಯಾಡ್ವಾ?"

ಗೋಡೆ ಗಡಿಯಾರದಲ್ಲಿ ನಾಲ್ಕು ಗಂಟೆಯಾಗಿತ್ತು. "ನಿಂದೇ ಚಿಕ್ಕವ್ವ. ನಿನ್ನ ಗೊಜ್ಜಿನ ಮುಂದೆ ನಮ್ಮವ್ವನ ಗೊಜ್ಜು ಏನೇನೂ ಇಲ್ಲ."

ಮೂರು ಹಳದಿ ಬದನೆಹಣ್ಣು, ಎರಡು ಪೊಟ್ಟಣ ಬೀಜವನ್ನು ಚೀಲಕ್ಕೆ ಹಾಕಿಕೊಂಡು, ಇಮ್ಮಡಿ ಪುಲಿಕೇಶಿಯಂತೆ ಎದೆಯುಬ್ಬಿಸಿ ಊರಿಗೆ ಬಂದ. ಮನೆಯ ಮುಂದೆ ಬೀದಿಯೇ ನೆರೆದಿತ್ತು. ನಡುವೆ ಅವ್ವ ಕೂತಿದ್ದಳು. ಪ್ರಮೀಳಾಳ ಕೈಯಲ್ಲಿದ್ದ ಮೊಬೈಲಿನಿಂದ ತನ್ನದೇ ದನಿ ಕೇಳಿಸಿತು: "ನಮ್ಮವ್ವನ ಗೊಜ್ಜು ಏನೇನೂ ಇಲ್ಲ."

ಮಾರಮ್ಮ ಅದನ್ನು ನೆಂಟರ ಗ್ರೂಪಿಗೆ ಹಾಕಿಬಿಟ್ಟಿದ್ದಳು. ನೂರಾ ನಲವತ್ತು ಜನರ ಗ್ರೂಪು. ದ್ಯಾವಯ್ಯ ಅದನ್ನು ಏಳನೇ ಸಲ ಹಾಕಿಸಿಕೊಂಡು ಕೇಳುತ್ತಿದ್ದ.

"ಬೀಜಕ್ಕೋಸ್ಕರ ಅಂದಿದ್ದು ಕಣವ್ವ! ತಗೋ, ನಿನ್ನ ತಳಿನೇ ತಂದಿವ್ನಿ" ಎಂದು ಲೋಕೇಶ್ ಚೀಲವನ್ನು ಅವ್ವನ ಕಾಲ ಬಳಿ ಸುರಿದ.

ಅವ್ವ ಒಂದು ಹಣ್ಣನ್ನು ಎತ್ತಿಕೊಂಡಳು. ತಿರುವಿ ನೋಡಿದಳು. ಅಷ್ಟು ಹೊತ್ತು ಕಟ್ಟಿಟ್ಟಿದ್ದ ಸಿಟ್ಟು ಕೆರೆ ಕೋಡಿ ಬಿದ್ದಂತೆ ನುಗ್ಗಿತು.

"ಇದಾ? ಇದು ಕಹಿ ಕಾಯಿ ಕಣ್ಲಾ ಬೆಪ್ಪೇ! ಹುಳ ಬಿದ್ದ ಗಿಡದ್ದು, ಕಡೇ ಕುಯ್ಲಿನ ಸೊಟ್ಟ ಕಾಯಿದು ಬೀಜ! ಊರೋರ್ಗೆಲ್ಲ ನಾನು ಕೊಡ್ತಿದ್ದುದೇ ಇದು. ಒಳ್ಳೇದ್ನೇ ಅಂಚ್ಬುಟ್ಟಿದ್ರೆ ಎಲ್ಲಾರ ಮನೆ ಗೊಜ್ಜೂ ನನ್ನ ಗೊಜ್ಜಿನಂಗೇ ಇರ್ತಿತ್ತು. ಆಗ ಚಿಕ್ಕಬೋರಮ್ಮನ್ನ ಕೇಳೋರ್ಯಾರು? ಇಂಥಾದ್ನ ತಿಂದು ನಂದಕ್ಕಿಂತ ಚೆಂದ ಅಂದ್ಯಾ?"

ತಾನೇನು ಹೇಳಿದೆನೆಂದು ಅವ್ವನಿಗೆ ಆಮೇಲೆ ಹೊಳೆಯಿತು.

ದೊಡ್ಡತಾಯಮ್ಮ ಮೆಲ್ಲಗೆ ಎದ್ದು ನಿಂತಳು. "ಮಣ್ಣು ಸರಿಗಿಲ್ಲ ಅಂತ ಏಳ್ಕೊಟ್ಟೋಳು ನೀನೇ ಅಲ್ವಾ ಚಿಕ್ಕಬೋರಮ್ಮ? ಇಪ್ಪತ್ತು ಗಾಡಿ ಗೊಬ್ಬರ ಒಡಿಸ್ದೆ ಆ ಮಣ್ಗೆ. ನನ್ನ ಗಂಡ ಸಾಯೋ ಗಂಟ ನನ್ನ ಗೊಜ್ಜ ಬಯ್ಕಂಡೇ ಸತ್ತ."

ಅಷ್ಟರಲ್ಲಿ ಪ್ರಮೀಳಾಳ ಕೈಯ ಮೊಬೈಲು ಹೊಡೆದುಕೊಂಡಿತು. ಗ್ರೂಪಿನಲ್ಲಿ ಕೇಳಿದ್ದ ಹೇಮ. ಗಾಬರಿಯಲ್ಲಿ ಪ್ರಮೀಳಾ ಸ್ಪೀಕರ್ ಒತ್ತಿದಳು.

"ಅಣ್ಣಾ, ಬೀಜಕ್ಕೆ ಬೂಕನಕೆರೆಗ್ಯಾಕೆ ಓಗಿದ್ದೆ? ಅವ್ವ ನನ್ನ ಮದ್ವೇಲಿ ಸೆರಗಿಗೆ ಕಟ್ಟಿದ್ಲಲ್ಲ, ಬೆಣ್ಣೆ ಅಂಗೆ ಕರಗೋ ಆ ತಳಿನ ವರ್ಸಾ ವರ್ಸಾ ಬೆಳ್ದು ಒಂದು ಡಬ್ಬ ಬೀಜ ಇಟ್ಟಿವ್ನಿ ನಮ್ಮನೇಲಿ. ಬೆಳಗ್ಗೆನೇ ಒಂದು ಪೋನ್ ಮಾಡಿದ್ರೆ ಬಸ್ಸಲ್ಲೇ ಕಳುಸ್ತಿದ್ನಲ್ಲ!"

ಲೋಕೇಶ್ ನೆಲದ ಮೇಲೆ ಕುಸಿದು ಕೂತ. "ಅವ್ವಾ, ನಾಳೆ ಬೆಳಿಗ್ಗೆನೇ ಓಗಿ ತತ್ತೀನಿ."

ಅವ್ವ ಒಳಗೆ ಹೋಗಿ ಬಟ್ಟೆ ಚೀಲ ತಂದಳು. "ಬೀಜದ ಮಾತು ಮುಗೀತು ಕಣ್ಲಾ. ಆ ಕಹಿನ ನಂದಕ್ಕಿಂತ ಚೆಂದ ಅಂದ ಬಾಯ್ಗೆ ನಾನಿನ್ನು ಅನ್ನ ಆಕಕ್ಕಿಲ್ಲ."

ಜನ ದಾರಿ ಬಿಟ್ಟರು. ಒಬ್ಬರೂ ತಡೆಯಲಿಲ್ಲ. ಹಿಂದೆ ಓಡಲು ಎದ್ದ ಲೋಕೇಶನ ತೋಳನ್ನು ದೊಡ್ಡತಾಯಮ್ಮ ಹಿಡಿದುಕೊಂಡಳು. ಎಂಬತ್ತರ ಮುದುಕಿ, ಹಿಡಿತ ಮಾತ್ರ ಉಡದ್ದು.

"ಅವ್ಳು ಓದ್ರೆ ಓಗ್ಲಿ. ನನ್ನ ಇಪ್ಪತ್ತು ವರ್ಸಕ್ಕೆ ಉತ್ತರ ಕೊಟ್ಬುಟ್ಟು ಆಮೇಲೆ ಓಗು ನೀನು."

ಊರ ಮುಂದೆ ಆರರ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟಿತು. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತು ಮೀರಿದ ಹಸುಗಳು ಕೂಗತೊಡಗಿದವು. ಅವ್ವ ಇವತ್ತಿನವರೆಗೂ ಬಂದಿಲ್ಲ.