ಹಾವಿನ ಬುತ್ತಿ, ನನ್ನ ರೂಮಿನಲ್ಲಿ

ಸಂಕಟ ತಾನಾಗಿ ನಮ್ಮ ಮನೆ ಹುಡುಕಿಕೊಂಡು ಬರುವುದಿಲ್ಲ. ನನ್ನ ಗಂಡನೇ ಹೋಗಿ ಗಾಡಿಯಲ್ಲಿ ಹಾಕಿಕೊಂಡು ಬರುತ್ತಾರೆ. ಹುಣಸೂರಿನಲ್ಲಿ ಗೂಡ್ಸ್ ಆಟೋ ಓಡಿಸುವವರು. ಯಾರು ಏನು ಕೇಳಿದರೂ ಅವರ ಬಾಯಲ್ಲಿ ಬರುವುದು ಒಂದೇ ಮಾತು, "ಆಯ್ತು ಬುಡಣ್ಣ." ಮಾತು ಅವರದು, ಆಮೇಲಿನ ಚಾಕರಿ ನನ್ನದು. ಒಂದು ಸಲ ಯಾರದೋ ಮದುವೆಯ ಹಂಡೆ ಕೊಳಗಗಳು ಮಳೆಗಾಲ ಪೂರ್ತಿ ನಮ್ಮ ಬಚ್ಚಲಲ್ಲಿದ್ದವು. ನಾವು ಬೀದಿಯಲ್ಲಿ ನಿಂತು ಮುಖ ತೊಳೆದೆವು. ಇನ್ನೊಂದು ಸಲ ಯಾರದೋ ಟಗರು ನಮ್ಮ ಗೇಟಿಗೆ ಕಟ್ಟಿಸಿಕೊಂಡು, ಬರುವವರನ್ನೆಲ್ಲ ಗುಮ್ಮಿ ಕಳಿಸುತ್ತಿತ್ತು. ಈ ಸಲ ಬಂದದ್ದು ಇಲಿ.

೧. ಯಾರ ಮಾತು ನಡೆಯುತ್ತದೆ

ಕೆ.ಆರ್. ನಗರದಲ್ಲಿ ನನ್ನ ಗಂಡನ ಗಿರಾಕಿ ಒಬ್ಬನಿದ್ದಾನೆ. ಗಾಜಿನ ಪೆಟ್ಟಿಗೆ ಮಾಡಿಸಿ, ಕರೆಂಟು ದೀಪ ಹಾಕಿ, ಮನೆಯೊಳಗೆ ಹೊರದೇಶದ ಹಾವು ಸಾಕುತ್ತಾನೆ. ಅವಕ್ಕೆ ಜೀವಂತ ಇಲಿಯೇ ಆಗಬೇಕಂತೆ. ಮೈಸೂರಿನಿಂದ ಬಿಳಿ ಇಲಿ ತರಿಸುತ್ತಾನೆ. ಈ ಸಲ ಅವನ ಹೆಂಡತಿ, ಹಾವು ಬೇಕಾದರೆ ಇರಲಿ, ಇಲಿ ಹೊಸ್ತಿಲು ದಾಟಿದರೆ ತಾನು ದಾಟಿ ಹೋಗುತ್ತೇನೆ ಅಂದಳಂತೆ. ಹಿತ್ತಿಲಲ್ಲಿ ಶೆಡ್ಡು ಹಾಕಿಸುವ ತನಕ ಇಲಿಗಳನ್ನು ಇಟ್ಟುಕೊಳ್ಳಿ ಎಂದು ನನ್ನ ಗಂಡನನ್ನು ಕೇಳಿದ. ನನ್ನ ಗಂಡ ಏನು ಹೇಳಿರಬೇಕು ಎಂದು ಬಿಡಿಸಿ ಬರೆಯುವುದಿಲ್ಲ.

ಇಲಿಗಳ ಜಾಲರಿ ಪೆಟ್ಟಿಗೆ ಇಟ್ಟದ್ದು ಎಲ್ಲಿ? ನನ್ನ ರೂಮಿನಲ್ಲಿ. ಹತ್ತನೇ ಕ್ಲಾಸಿಗೆ ಓದು ಬಿಡಿಸಿದ ಮೇಲೆ ನಾನು ಕಲಿತದ್ದು ಹೊಲಿಗೆ. ರಸ್ತೆ ಕಡೆಯ ಆ ಒಂದು ಪುಟ್ಟ ರೂಮು ನನಗೆ ಬೇಕೆಂದು ಈ ಮನೆಯಲ್ಲಿ ಎಷ್ಟು ಜಗಳವಾಡಿದ್ದೇನೆ ಎಂಬುದು ಬೀದಿಗೆಲ್ಲ ಗೊತ್ತು. ಅಲ್ಲಿ ನನ್ನ ಮಿಷಿನ್ನು, ಟೇಬಲ್ಲು, ನಿಲುವುಗನ್ನಡಿ. ಅದೇ ಹೊತ್ತಿಗೆ ಪಿರಿಯಾಪಟ್ಟಣದ ಒಂದು ಮದುವೆ ಮನೆಯವರು ಮದುಮಗಳದೂ ಸೇರಿ ಹೆಂಗಸರ ಬ್ಲೌಸನ್ನೆಲ್ಲ ನನ್ನ ಕೈಗೇ ಕೊಟ್ಟಿದ್ದರು. ಅಷ್ಟು ದೊಡ್ಡ ಕೆಲಸ ನನಗೆ ಅದೇ ಮೊದಲು. ಮುಹೂರ್ತದೊಳಗೆ ಚೆನ್ನಾಗಿ ಮುಗಿಸಿಕೊಟ್ಟರೆ ಅವರ ನೆಂಟರಿಷ್ಟರ ಹೊಲಿಗೆಯೆಲ್ಲ ನನಗೆ. ಕೆಟ್ಟರೆ ನಾನು ಮತ್ತೆ ಹಳೇ ಪ್ಯಾಂಟಿಗೆ ಜಿಪ್ಪು ಹಾಕಿಕೊಂಡು ಕೂರಬೇಕು.

ಅವನ ಹೆಂಡತಿ ಬೇಡ ಅಂದರೆ ಇಲಿ ಮನೆ ಬಿಡುತ್ತದೆ, ನಾನು ಬೇಡ ಅಂದರೆ ಯಾಕೆ ಬಿಡುವುದಿಲ್ಲ ಎಂದು ಗಂಡನನ್ನು ಕೇಳಿದೆ.

"ಅವ್ಳು ಅಂದಿದ್ದು ಅವ್ಳ ಮನೇಲಿ ಬ್ಯಾಡ ಅಂತ ಕಣೆ," ಅಂದರು. "ನಮ್ಮನೇಲಿ ಬ್ಯಾಡ ಅಂತ ಅಂದಿಲ್ವಲ್ಲ."

೨. ಯೋಗಕ್ಷೇಮ

ಹಾವಿನವನು ದಿನವೂ ಫೋನು ಮಾಡುತ್ತಿದ್ದ. ಅಕ್ಕ, ನೀರು ಇಟ್ರಾ, ಕ್ಯಾರೆಟ್ ಹಾಕಿದ್ರಾ, ಸೆಕೆಗೆ ಬಾಯಿ ತೆಗೀತಾವಾ, ಫ್ಯಾನು ಆ ಕಡೆಗೆ ತಿರುಗಿಸಿದ್ರಾ. ಫ್ಯಾನು ಅವುಗಳ ಕಡೆಗೇ ತಿರುಗಿತ್ತು. ನಾನು ಬೆವರು ಒರೆಸಿಕೊಂಡು ಬ್ಲೌಸು ಹೊಲಿಯುತ್ತಿದ್ದೆ.

ಒಂದು ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ಬಿಡಿಸಿ ಹೇಳಿದೆ. ನಾಳೆ ಸಾಯೋ ಇಲಿ ಉಂಡಿತಾ ಅಂತ ವಿಚಾರಿಸೋಕೆ ಒಬ್ಬ ಇದ್ದಾನೆ. ಮದುವೆಯಾಗಿ ಇಷ್ಟು ವರ್ಷವಾಯಿತು, ಉಂಡೆಯಾ ಅಂತ ನನ್ನನ್ನು ನೀವು ಒಂದು ದಿನ ಕೇಳಿಲ್ಲ. ಅವರು ತಲೆ ತಗ್ಗಿಸಿ ಮುದ್ದೆ ಮುರಿದರು. ನಾಟಿತು ಅಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಅವರದೇ ಫೋನು. "ಊಟ ಆಯ್ತಾ?"

ನನ್ನ ಸಿಟ್ಟೆಲ್ಲ ಕರಗಿಹೋಯಿತು. ಆಯ್ತು ಕಣ್ರೀ, ನಿಮ್ಮದು ಅಂದೆ.

"ನಿಂದಲ್ಲ ಕಣೆ. ಅವುಗಳ್ದು. ಹಾವಿನಣ್ಣ ಪಕ್ಕದಲ್ಲೇ ಅವ್ನೆ, ಕೇಳ್ತಾವ್ನೆ."

೩. ನೆಂಟರು

ಬೆಳ್ಳಗಿನವು ಮುಂದಿನ ರೂಮಿನಲ್ಲಿ ಕ್ಯಾರೆಟ್ ತಿನ್ನುತ್ತಿದ್ದಾಗ ಅಡುಗೆಮನೆಯಲ್ಲಿ ನಮ್ಮ ಊರಿನ ಕರಿ ಇಲಿಗಳು ಅಕ್ಕಿ ಡಬ್ಬಿ ಕೆರೆಯುತ್ತಿದ್ದವು. ನಮ್ಮತ್ತೆ ಒಂದು ಕೊಬ್ಬರಿ ಹೋಳನ್ನು ಎರಡು ಮಾಡಿ, ಒಂದನ್ನು ಇಲಿ ಬೋನಿಗೆ ಸಿಕ್ಕಿಸಿದರು. ಇನ್ನೊಂದನ್ನು ಮುಂದಿನ ರೂಮಿಗೆ ತಂದು ಬಿಳಿ ಇಲಿಗೆ ಹಾಕಿದರು. ನನ್ನ ಮಗಳು ಇನ್ನೂ ಅಂಗನವಾಡಿಗೆ ಹೋಗುವವಳು. ಎರಡನ್ನೂ ನೋಡಿ, ಬಿಳೀದು ನೆಂಟರ ಇಲಿಯಾ ಎಂದು ಕೇಳಿದಳು.

ನಮ್ಮತ್ತೆ ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಗೆ ನಡೆದರು. ನಾನೇ ಹೇಳಿದೆ, ಹೌದು ಕಣವ್ವ, ನಿಮ್ಮಪ್ಪನ ಕಡೆಯವು.

೪. ಅಳತೆ

ಒಬ್ಬರು ಟೀಚರಮ್ಮ ಬ್ಲೌಸು ಹಾಕಿ ನೋಡಲು ಬಂದರು. ಪೆಟ್ಟಿಗೆಯ ಮೇಲೆ ನಾನು ಹಳೇ ಸೀರೆ ಮುಚ್ಚಿದ್ದೆ. ಪರದೆ ಎಳೆದುಕೊಂಡು ಅವರು ಬ್ಲೌಸು ತೊಟ್ಟರು. ಮುಚ್ಚಿದ್ದ ಸೀರೆಯ ಕೆಳಗೆ ಏನೋ ಸರಬರ ಅಂದಿತು. ಇದೇನ್ರೀ ಎಂದು ಎತ್ತಿ ನೋಡಿದರು.

ಮುಂದೆ ನಾನು ಕಂಡದ್ದು ಅವರ ಬೆನ್ನು. ಗುಂಡಿ ಹಾಕದ ಬ್ಲೌಸಿನ ಮೇಲೆ ಸೆರಗು ಸುತ್ತಿಕೊಂಡು, ಚಪ್ಪಲಿ ಬಿಟ್ಟು, ಎದುರು ಮನೆಯ ಕಟ್ಟೆ ಹತ್ತಿ ನಿಂತಿದ್ದರು. ಬೀದಿಯವರೆಲ್ಲ ಹೊರಗೆ ಬಂದರು. ನನ್ನ ಮಾನ ಹೋಯಿತು, ಗಿರಾಕಿಯೂ ಹೋದರು ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಅವರು ಎದೆ ಹಿಡಿದುಕೊಂಡು, ಉಸಿರು ತಿರುಗುವ ತನಕ ಕಾದು, ಒಂದು ಕೈ ಮೇಲೆತ್ತಿ ನೋಡಿದರು.

"ಕಂಕುಳಲ್ಲಿ ಸ್ವಲ್ಪ ಬಿಗಿ ಕಣ್ರೀ," ಅಂದರು.

ಅವತ್ತಿನಿಂದ ಬಟ್ಟೆ ಕೊಡುವವರು ರಸ್ತೆಯಲ್ಲೇ ನಿಂತು ಕೊಟ್ಟರು. ನಾನು ಅಳತೆ ಟೇಪು ಹಿಡಿದು ಚರಂಡಿ ದಾಟಿ ಹೋಗುತ್ತಿದ್ದೆ.

೫. ಬಾಣಂತಿ

ಒಂದು ಬೆಳಿಗ್ಗೆ ನೋಡಿದರೆ ಟೇಬಲ್ಲಿನಿಂದ ಇಳಿಬಿದ್ದಿದ್ದ ಲೈನಿಂಗ್ ಬಟ್ಟೆಯ ತುದಿ ಪೆಟ್ಟಿಗೆಯ ಜಾಲರಿಯೊಳಗೆ ಹೋಗಿತ್ತು. ಎಳೆದರೆ ಅರ್ಧ ಬಂತು. ಉಳಿದರ್ಧವನ್ನು ಒಂದು ಇಲಿ ಚಿಂದಿ ಮಾಡಿ ಹಾಸಿಕೊಂಡು, ಅದರ ಮೇಲೆ ಕಡಲೆಕಾಯಿ ಬೀಜದಂಥ ಕೆಂಪು ಮರಿಗಳನ್ನು ಹಾಕಿಕೊಂಡು ಮಲಗಿತ್ತು. ಪಕ್ಕದಲ್ಲೇ ಇದ್ದ ಮದುವೆಯ ರೇಷ್ಮೆಯನ್ನು ಮುಟ್ಟಿರಲಿಲ್ಲ. ನಮ್ಮತ್ತೆ ಬಂದು ನೋಡಿ, ಮರ್ಯಾದಸ್ತೆ ಕಣೆ ಅಂದರು. ನನ್ನ ಬಗ್ಗೆ ಆ ಮಾತು ಅವರ ಬಾಯಲ್ಲಿ ಇಲ್ಲಿಯ ತನಕ ಬಂದಿಲ್ಲ.

ಅವತ್ತಿಗೆ ನನ್ನ ರೂಮು ಬಾಣಂತಿ ಕೋಣೆಯಾಯಿತು. ಗಾಳಿ ಸೋಕಬಾರದೆಂದು ಫ್ಯಾನು ಆರಿತು, ಕಿಟಕಿ ಮುಚ್ಚಿತು. ರಾಗಿ ಗಂಜಿಗೆ ತುಪ್ಪ ಬಿದ್ದಿತು. ಸದ್ದಾದರೆ ಬೆದರಿ ತಾಯಿಯೇ ಮರಿ ತಿಂದುಬಿಡುತ್ತದೆ ಎಂದು ಹಾವಿನವನು ಫೋನಿನಲ್ಲಿ ಹೇಳಿದ್ದೇ ತಡ, ನಮ್ಮತ್ತೆ ನನ್ನ ಮಿಷಿನ್ನಿನ ಬೆಲ್ಟು ಬಿಚ್ಚಿ ತಮ್ಮ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಮದುಮಗಳ ಬ್ಲೌಸಿಗೆ ಇನ್ನೂ ತೋಳು ಕೂಡಿಸಿರಲಿಲ್ಲ.

ಅಷ್ಟರಲ್ಲಿ ಶೆಡ್ಡು ಮುಗಿಯಿತೆಂದು ಹಾವಿನವನು ಇಲಿ ಒಯ್ಯಲು ಬಂದ. ಅವನಿಗೆ ನಾನೇ ಕಾಫಿ ಕೊಟ್ಟೆ, ಸಕ್ಕರೆ ಜಾಸ್ತಿ ಹಾಕಿ. ನಮ್ಮತ್ತೆ ಬಾಗಿಲಿಗೆ ಅಡ್ಡ ಕೂತರು. ಮಿಕ್ಕವನ್ನು ಒಯ್ಯಿ, ಬಾಣಂತೀನ ಕಳಿಸಲ್ಲ ಅಂದರು. ಅವನು ಪಾಪದವನು, ತಿಳಿಯದೆ ಬಾಯಿ ಬಿಟ್ಟ. ಅವ್ವ, ತಾಯಿ ಇರಲಿ ಬೇಕಾದ್ರೆ, ಮರಿ ಕೊಡಿ, ಹಾವಿಗೆ ಅವೇ ಇಷ್ಟ ಅಂದ.

"ನಾವೂ ಕೋಳಿ ಕುಯ್ಯೋ ಜನವೇ ಕಣಪ್ಪ," ಅಂದರು ನಮ್ಮತ್ತೆ. "ಕಾವಿಗೆ ಕುಂತಿರೋ ಕೋಳೀನ ಯಾರಾರ ಕುಯ್ತಾರಾ? ನಿನ್ ಹಾವಿಗೇಳು, ಒಂದ್ ಶನಿವಾರ ಒಪ್ಪತ್ತು ಮಾಡ್ಲಿ."

ಅವನು ಮಿಕ್ಕ ಇಲಿಗಳನ್ನು ಎತ್ತಿಕೊಂಡು ಹಿಂದಕ್ಕೆ ನೋಡದೆ ಹೋದ.

ನನಗೆ ಆಗ ಬಂದ ಸಿಟ್ಟು ಇಲಿಯದಲ್ಲ, ಹಳೆಯದು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ತವರಿನಿಂದ ಬಂದ ದಿನ, ಇದೇ ಅತ್ತೆ ನನ್ನ ಸೊಂಟದ ಮೇಲೆ ಬಿಂದಿಗೆ ಇಟ್ಟು ಬೀದಿ ನಲ್ಲಿಗೆ ಕಳಿಸಿದ್ದರು. ಗಂಜಿಗೆ ತುಪ್ಪ ಎಲ್ಲಿಂದ ಬಂತು ಅತ್ತೆಮ್ಮ, ನಾನು ಬಂದಾಗ ಈ ಮನೆಯಲ್ಲಿ ತುಪ್ಪ ಇರಲಿಲ್ಲವಲ್ಲ ಎಂದು ಬೀದಿಗೆ ಕೇಳುವ ಹಾಗೆ ಕೇಳಿದೆ. ನನ್ನ ಗಂಡ ಗಾಡಿ ಒರೆಸುವ ಬಟ್ಟೆ ಹುಡುಕಿಕೊಂಡು ಹೊರಗೆ ಹೋದರು.

ನಮ್ಮತ್ತೆ ಕದಲಲಿಲ್ಲ. "ನಿಂಗೆ ತವರಿತ್ತು, ಮಾಡಿ ಕಳ್ಸಿದ್ರು. ಇದ್ಕೆ ಯಾರವ್ರೆ ಹೇಳು."

ತವರು ಈಗಲೂ ಇದೆ ಅಂದೆ. ಬೆಲ್ಟು ಕಸಿದುಕೊಂಡೆ. ಮಿಷಿನ್ನು, ರೇಷ್ಮೆ, ಮಗಳು, ಮೂರನ್ನೂ ಗೂಡ್ಸ್ ಆಟೋಗೆ ಹೇರಿಸಿ, ಗಂಡನ ಕೈಯಲ್ಲೇ ಓಡಿಸಿಕೊಂಡು ಕಟ್ಟೆಮಳಲವಾಡಿಗೆ ಬಂದೆ. ದಾರಿಯುದ್ದಕ್ಕೂ ಅವರು ಹಾರ್ನ್ ಕೂಡ ಹೊಡೆಯಲಿಲ್ಲ. ಅವ್ವನ ಮನೆಯ ಜಗುಲಿಯಲ್ಲಿ ಮಿಷಿನ್ನು ಹಾಕಿ, ಊರಿಗೆಲ್ಲ ಕೇಳುವ ಹಾಗೆ ಹೊಲಿದೆ. ಮುಹೂರ್ತಕ್ಕೆ ಮುಂಚೆಯೇ ಎಲ್ಲ ಮುಗಿಯಿತು.

ಮದುಮಗಳ ತಾಯಿ ಮೊದಲು ಹುಣಸೂರಿನ ಮನೆಗೆ ಹೋಗಿ, ಅಲ್ಲಿಂದ ವಿಚಾರಿಸಿಕೊಂಡು ಕಟ್ಟೆಮಳಲವಾಡಿಗೆ ಬಂದರು. ಬ್ಲೌಸುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಹೊಲಿಗೆ ತಿರುವಿ ನೋಡಿದರು. ಮೈಸೂರಿನಲ್ಲೂ ಹೀಗೆ ಹೊಲಿಯಲ್ಲ ಅಂದರು. ಅಷ್ಟು ದಿನದ ಮೇಲೆ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಆಮೇಲೆ ಅವರು ಚೀಲದಿಂದ ಒಂದು ರಟ್ಟಿನ ಡಬ್ಬಿ ತೆಗೆದು ನನ್ನ ಮಡಿಲಲ್ಲಿಟ್ಟರು. ಒಣಕೊಬ್ಬರಿ, ಬೆಲ್ಲ, ಗಸಗಸೆ ಹಾಕಿ ಕಟ್ಟಿದ ಉಂಡೆಗಳು. ಇದೆಲ್ಲ ಯಾಕೆ ತರೋಕೆ ಹೋದ್ರಿ ಅಂದೆ.

"ನಿಮ್ಗಲ್ಲ ಕಣವ್ವ," ಅಂದರು. "ಬಾಣಂತಿ ಅವ್ಳೆ ಅಂತ ಗೊತ್ತಿಲ್ದೆ ನಿಮ್ಮತ್ತೆ ಮನೆಗೆ ಬರಿಗೈಲಿ ಹೋಗ್ಬುಟ್ಟೆ, ಮನಸಿಗೆ ಒಂಥರಾ ಆಯ್ತು. ಅಲ್ಲೇ ಅಂಗಡೀಲಿ ತಗೊಂಡೆ. ನೀವು ಹೋಗುವಾಗ ಆ ಇಲಿಗೆ ಕೊಟ್ಬುಡಿ."

ಆಗಲಿ ಅಂದೆ. ಅರಿಶಿನ ಕುಂಕುಮ ಕೊಟ್ಟು ಬಸ್ಸು ಹತ್ತಿಸಿದೆ. ಬಸ್ಸು ತಿರುವು ದಾಟುವ ತನಕ ಕೈ ಬೀಸಿದೆ. ಆಮೇಲೆ ಜಗುಲಿಯಲ್ಲಿ ಕಾಲು ಚಾಚಿ ಕೂತು, ಡಬ್ಬಿ ತಳ ಕಾಣುವ ತನಕ ಉಂಡೆಗಳನ್ನೆಲ್ಲ ನಾನೇ ತಿಂದೆ.