ಸಮುದ್ರಕ್ಕೆ ಎದ್ದ ಗುಳ್ಳೆ

ಮೊದಲನೇ ಗುಳ್ಳೆ ಕಂಡದ್ದು ಬೆಳಗ್ಗೆ ಹತ್ತೂವರೆಗೆ. ಕಡಲೆಕಾಳಿನಷ್ಟಿತ್ತು. ಫ್ರೇಮಿನಂಗಡಿಯ ಫ್ರೇಮಣ್ಣ ಕನ್ನಡಕ ಒರೆಸಿಕೊಂಡು ಮತ್ತೆ ನೋಡುವಷ್ಟರಲ್ಲಿ ಅದರ ಪಕ್ಕ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಆರಡಿ ಅಗಲದ ಸಮುದ್ರದ ಫೋಟೋ ಅವನ ಕಣ್ಣೆದುರಿಗೇ ಮೈತುಂಬ ಗುಳ್ಳೆ ಎಬ್ಬಿಸಿಕೊಂಡು ಮಲಗಿತ್ತು.

"ಯಾರ್ರೀ ಇದನ್ನ ಮುಟ್ಟಿದ್ದು?" ಎಂದು ಅವನು ಕೂಗಿದ ಕೂಗಿಗೆ ಗೋಡೆಯ ಮೇಲಿದ್ದ ಖಾಲಿ ಫ್ರೇಮುಗಳೆಲ್ಲ ಅಲ್ಲಾಡಿದವು.

ಸಿಟ್ಟು ಬರದೆ ಇನ್ನೇನು ಬಂದೀತು? ಅದು ಹಲ್ಲಿನ ಡಾಕ್ಟರಮ್ಮನ ಹೊಸ ಕ್ಲಿನಿಕ್ಕಿನ ಗೋಡೆಗೆ ಹೋಗಬೇಕಾದ ಫೋಟೋ. ಸಂಜೆ ಐದಕ್ಕೆ ಉದ್ಘಾಟನೆ. ಟೇಪು ಕತ್ತರಿಸುವವರು ಡಾಕ್ಟರಮ್ಮನ ಅತಿ ಹಳೆಯ ಪೇಷೆಂಟು, ಅಂದರೆ ಸಾಕ್ಷಾತ್ ಫ್ರೇಮಣ್ಣನ ಮಾವ. ಬರೀ ಹೆಣ್ಣು ಕೊಟ್ಟ ಮಾವನಲ್ಲ, ಕೆಲಸ ಕಲಿಸಿದ ಗುರು. ಹದಿನೆಂಟು ವರ್ಷದಿಂದ ಅಳಿಯ ಮಾಡಿದ ಒಂದೊಂದು ಫೋಟೋದ ಮೇಲೂ ಹೆಬ್ಬೆರಳು ಸವರಿ, ಎಲ್ಲೋ ಒಂದು ಸಾಸಿವೆಯಷ್ಟು ಉಬ್ಬು ಹುಡುಕಿ, "ಹ್ಞೂಂ, ಇಷ್ಟೇ ನಿನ್ನ ಹಣೆಬರಹ" ಎಂದು ಹೋಗುವ ಮಹಾನುಭಾವ. ಇವತ್ತು ಆ ಹೆಬ್ಬೆರಳಿಗೆ ಏನೂ ಸಿಗಬಾರದು, ಅವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಬೀಳಬೇಕು ಎಂದು ಫ್ರೇಮಣ್ಣ ವಾರದಿಂದ ಕಾದಿದ್ದ.

ಕೆಲಸವೇನೋ ಹೇಳುವುದಕ್ಕೆ ಸುಲಭ. ದಪ್ಪ ಬೋರ್ಡು, ಅದರ ಮೇಲೆ ಅಂಟುಹಾಳೆ, ಅದರ ಮೇಲೆ ಫೋಟೋ. ಮೂರನ್ನೂ ಬಿಸಿ ಪ್ರೆಸ್ಸಿನಲ್ಲಿಟ್ಟು ಮುಚ್ಚಳ ಒತ್ತಿದರೆ ಅಂಟು ಕರಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆದರೆ ಬೋರ್ಡಿನಲ್ಲಿ ಒಂದಿಷ್ಟು ತೇವವಿದ್ದರೂ ಸಾಕು, ಅದು ಹಬೆಯಾಗಿ ಫೋಟೋವನ್ನು ಎತ್ತಿಬಿಡುತ್ತದೆ.

"ನಾನೇ ಸ್ವಲ್ಪ ನೀರು ಚಿಮುಕಿಸ್ದೆ ಫ್ರೇಮಣ್ಣ," ಎಂದ ಪಕ್ಕದಂಗಡಿಯ ಟೈಲರು, ಉಪಕಾರ ಮಾಡಿದವನ ಗತ್ತಿನಲ್ಲಿ. "ನೀವು ಟೀ ತರೋಕೆ ಹೋಗಿದ್ರಲ್ಲ, ಆಗ. ಬೋರ್ಡು ಒಣಗಿ ಕಟ್ಟಿಗೆ ಆಗಿತ್ತು. ನೀರು ಹಾಕ್ದೆ ಇಸ್ತ್ರಿ ಕೂರತ್ತಾ ಎಲ್ಲಾದ್ರೂ?"

"ಇದು ಪ್ಯಾಂಟೇನ್ರೀ? ಪ್ಯಾಂಟಾ ಇದು?"

"ಇಸ್ತ್ರಿ ಅಂದ್ಮೇಲೆ ಎಲ್ಲಾ ಒಂದೇ."

ಗಲಾಟೆ ಕೇಳಿ ಎದುರು ಸಾಲಿನ ಬೇಕರಿಯವನು ಕೈಯಲ್ಲಿನ ಹಿಟ್ಟು ಒರೆಸಿಕೊಳ್ಳುತ್ತ ಬಂದ. ಗುಳ್ಳೆಗಳನ್ನು ಬಾಗಿ ನೋಡಿ, "ಒಳಗೆ ಬೆಂದಿಲ್ಲ," ಎಂದು ತೀರ್ಪು ಕೊಟ್ಟ. ಫ್ರೇಮಣ್ಣ ಫೋಟೋವನ್ನು ಮತ್ತೆ ಪ್ರೆಸ್ಸಿಗಿಟ್ಟು, ಹದವಾದ ಬಿಸಿಯಲ್ಲಿ ಗುಳ್ಳೆ ಇಳಿಸಲು ನೋಡಿದ. ಅವನು ಗಡಿಯಾರ ನೋಡಲು ಕತ್ತು ತಿರುಗಿಸಿದ್ದೇ ತಡ, ಬೇಕರಿಯವನು ಬಿಸಿಯ ತಿರುಗುಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟ. ಮುಚ್ಚಳ ಎತ್ತಿದಾಗ ಕಡಲೆಕಾಳುಗಳೆಲ್ಲ ನಿಂಬೆಹಣ್ಣಾಗಿದ್ದವು.

"ನೋಡಿ, ಹೇಗೆ ಉಬ್ಬಿದೆ!" ಎಂದು ಬೇಕರಿಯವನು ಮುಖ ಅರಳಿಸಿದ. ಅವನ ಕಸುಬಿನಲ್ಲಿ ಉಬ್ಬುವುದು ಶುಭ.

"ಹೊರಗೆ! ಇಬ್ಬರೂ ಹೊರಗೆ!" ಎಂದು ಫ್ರೇಮಣ್ಣ ಅವರನ್ನು ದಬ್ಬಿ, ಷಟರು ಅರ್ಧ ಎಳೆದ. ಜಗತ್ತಿನಲ್ಲಿ ಯಾವ ಡಾಕ್ಟರ ಕೈಯಿಂದಲೂ ಯಾರೂ ಚಾಕು ಕಿತ್ತುಕೊಳ್ಳುವುದಿಲ್ಲ. ಫ್ರೇಮಿನ ಅಂಗಡಿ ಎಂದರೆ ಮಾತ್ರ ದಾರಿಹೋಕರೆಲ್ಲ ಪಂಡಿತರು!

ಪುಣ್ಯಕ್ಕೆ ಫೋಟೋ ಲ್ಯಾಬಿನವರು ಎರಡು ಪ್ರತಿ ಕಳಿಸಿದ್ದರು. ಫ್ರೇಮಣ್ಣ ಕೆಟ್ಟದ್ದನ್ನು ಗೋಡೆಗೆ ಒರಗಿಸಿ, ಹೊಸ ಬೋರ್ಡು ತೆಗೆದ. ಅದನ್ನೊಂದನ್ನೇ ಪ್ರೆಸ್ಸಿನಲ್ಲಿಟ್ಟು ತೇವವೆಲ್ಲ ಹೋಗುವಂತೆ ಕಾಯಿಸಿದ. ಬೋರ್ಡನ್ನೂ ಫೋಟೋದ ಬೆನ್ನನ್ನೂ ಬ್ರಷ್ಷಿನಿಂದ ಧೂಳಿನ ಕಣವಿಲ್ಲದಂತೆ ಗುಡಿಸಿದ. ಪ್ರೆಸ್ಸು ಚಿಕ್ಕದು, ಸಮುದ್ರ ದೊಡ್ಡದು. ಹಾಗಾಗಿ ನಡುವಿನಿಂದ ಶುರುಮಾಡಿ ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಒತ್ತಿದ ಗೆರೆ ಬೀಳದಂತೆ ಉಸಿರು ಬಿಗಿಹಿಡಿದು ಸರಿಸಿದ. ಮೂರೂವರೆಗೆ ಮುಚ್ಚಳ ಎತ್ತಿದರೆ, ಹೆಬ್ಬೆರಳಲ್ಲ, ಇರುವೆ ನಡೆದರೂ ಎಡವದಂಥ ನುಣುಪು! ಆರುವಾಗ ಬೋರ್ಡು ಬಾಗದಿರಲಿ ಎಂದು ಅದರ ಮೇಲೆ ಕಾಗದ, ಹಲಗೆ, ಹಲಗೆಯ ಮೇಲೆ ಕಬ್ಬಿಣದ ತೂಕಗಳನ್ನು ಹೇರಿ, ಸ್ನಾನ ಮಾಡಿ ಒಳ್ಳೆಯ ಅಂಗಿ ಹಾಕಿಕೊಂಡು ಬರಲು ಮನೆಗೆ ಹೋದ. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದ.

ನಾಲ್ಕೂವರೆಗೆ ಬಂದು ನೋಡಿದರೆ ಷಟರು ಪೂರ್ತಿ ಮೇಲಿದೆ. ಸಮುದ್ರಕ್ಕೆಂದು ಮಾಡಿ ಮೇಜಿನ ಮೇಲಿಟ್ಟಿದ್ದ ದೊಡ್ಡ ಫ್ರೇಮು ಇಲ್ಲ. ಗೋಡೆಗೆ ಒರಗಿಸಿದ್ದ ಗುಳ್ಳೆ ಸಮುದ್ರವೂ ಇಲ್ಲ.

"ಕ್ಲಿನಿಕ್ಕಿಂದ ಗಾಡಿ ಬಂದಿತ್ತು, ಅರ್ಜೆಂಟು ಅಂದ್ರು," ಎಂದ ಟೈಲರು. "ನಾನೂ ಬೇಕರಿಯವ್ರೂ ಸೇರಿ ಫ್ರೇಮಿಗೆ ಕೂರಿಸಿ ಕಳಿಸ್ಬಿಟ್ವಿ. ಬೆಳಗ್ಗೆ ನಮ್ಮಿಂದ ತಪ್ಪಾಗಿತ್ತಲ್ಲ, ಬೇಜಾರು ಮಾಡ್ಕೊಂಡಿದ್ರಿ."

ಹಲಗೆಯ ಕೆಳಗೆ ಇನ್ನೊಂದಿದೆ ಎಂದು ಆ ಪುಣ್ಯಾತ್ಮರಿಗೆ ಹೇಗೆ ಗೊತ್ತಾಗಬೇಕು! ಫ್ರೇಮಣ್ಣ ಬೈಯುವುದನ್ನು ಆಮೇಲಿಗಿಟ್ಟುಕೊಂಡ. ತೂಕಗಳನ್ನು ಕೆಳಗೆಸೆದು, ನುಣುಪಾದ ಸಮುದ್ರವನ್ನು ತಲೆಯ ಮೇಲೆ ಹೊತ್ತು, ಇಸ್ತ್ರಿ ಅಂಗಿಯಲ್ಲಿ ಬೆವರು ಸುರಿಸುತ್ತ ಓಡಿದ.

ಕ್ಲಿನಿಕ್ಕಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಟೇಪು ಕತ್ತರಿಸಿ ಆಗಿತ್ತು. ಎದುರು ಗೋಡೆಯ ಮೇಲೆ, ಎರಡು ದೀಪಗಳ ನಡುವೆ ಗುಳ್ಳೆ ಸಮುದ್ರ ರಾರಾಜಿಸುತ್ತಿತ್ತು. ಅದರ ಮುಂದೆ ಮಾವ. ಅವರ ಹೆಬ್ಬೆರಳು ನಿಂಬೆಹಣ್ಣಿನ ಮೇಲಿಂದ ನಿಂಬೆಹಣ್ಣಿಗೆ ಹೋಗುತ್ತಿತ್ತು.

"ಮಾವ, ಅದಲ್ಲ! ಅದು ಹಾಳಾಗಿದ್ದು! ಇಲ್ನೋಡಿ, ಇದು!" ಎಂದು ಅವನು ಹೊತ್ತು ತಂದದ್ದನ್ನು ಕೆಳಗಿಳಿಸಿದ.

ಮಾವ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು. "ಅಲೆಗಳು ಎದ್ದು ಬರ್ತಿವೆ," ಎಂದರು. "ಲೈಟು ಬಿದ್ರೆ ನೀರು ಅಲ್ಲಾಡತ್ತೆ. ನನ್ನ ಜನ್ಮದಲ್ಲಿ ಇಂಥಾ ಕೆಲಸ ನಾನು ಮಾಡ್ಲಿಲ್ಲ." ಆಮೇಲೆ ಕೆಳಗಿದ್ದುದರ ಮೇಲೆ ಹೆಬ್ಬೆರಳು ಸವರಿ ಮೂಗು ಮುರಿದರು. "ಇದೇನು? ಮೇಜಿಗೆ ಹಾಸೋ ಪ್ಲಾಸ್ಟಿಕ್ಕಾ? ಜೀವಾನೇ ಇಲ್ಲ. ಯಾರು ಮಾಡಿದ್ದು?"

ಫ್ರೇಮಣ್ಣ ಬಾಯಿ ತೆರೆದ. ಅಷ್ಟರಲ್ಲಿ ಅಪ್ಪನ ಜೊತೆ ಬಂದು ಪಕ್ಕದಲ್ಲಿ ನಿಂತಿದ್ದ ಹೆಂಡತಿ ಅವನ ತೋಳನ್ನು ಚಿವುಟಿ, "ಅದು ಟೈಲರಣ್ಣ ಸುಮ್ನೆ ಕೈಯಾಡಿಸಿದ್ದಪ್ಪಾ," ಎಂದುಬಿಟ್ಟಳು. ಅವನ ಕಿವಿಯಲ್ಲಿ ಪಿಸುಗುಟ್ಟಿದಳು: "ಸುಮ್ನಿರ್ರೀ! ಹದಿನೆಂಟು ವರ್ಷಕ್ಕೆ ಮೊದಲನೇ ಸಲ ಹೊಗಳ್ತಿದಾರೆ."

ಸುಮ್ಮನಿರಬೇಕಂತೆ! ಬೆಳಗ್ಗಿನಿಂದ ಮೈಯೆಲ್ಲ ಕಣ್ಣಾಗಿ ಮಾಡಿದ ಕೆಲಸ ಟೈಲರಿನ ಕೈಚಳಕವಾಯಿತು. ಟೈಲರು ನೀರು ಚಿಮುಕಿಸಿದ್ದು ಫ್ರೇಮಣ್ಣನ ಕೀರ್ತಿಯಾಯಿತು. ಅನ್ಯಾಯಕ್ಕೂ ಒಂದು ಮಿತಿ ಬೇಡವೇ? ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಫ್ರೇಮಣ್ಣ ಹಲ್ಲು ಕಚ್ಚಿದ. ಡಾಕ್ಟರಮ್ಮ ಅದನ್ನು ನಗು ಎಂದುಕೊಂಡು ಕೈಮುಗಿದರು.

ಮಾವ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಎಂದೂ ಏಕವಚನ ಬಿಡದವರು ತಲೆ ತಗ್ಗಿಸಿ ಹೇಳಿದರು:

"ಅಳಿಯಂದ್ರೇ, ನಾಳೆ ಬೆಳಗ್ಗೆ ಎಂಟಕ್ಕೆಲ್ಲ ಅಂಗಡಿಗೆ ಬಂದ್ಬಿಡ್ತೀನಿ. ಈ ಅಲೆ ಎಬ್ಬಿಸೋ ವಿದ್ಯೆ ನನಗೂ ಕಲಿಸ್ಕೊಡಿ. ನನ್ನ ಕೈಗೆ ಹತ್ತೋವರೆಗೂ ದಿನಾ ಬರ್ತೀನಿ."