ಮೇಲಿನ ಮನೆಯ ಎಲೆಕ್ಷನ್

ನಮ್ಮ ಕಾಕಾನಷ್ಟು ಚುನಾವಣೆ ಸೋತವರು ಬೈಲಹೊಂಗಲ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಅವರಿಗೆ ನಾನೇ ಹಾರ ಹಾಕುತ್ತೇನೆ!

ಕಾಕಾ ನನ್ನ ಅಪ್ಪನ ತಮ್ಮ. ಬಜಾರಿನಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ. ಅಂಗಡಿ ನಡೆಸುವುದು ಹೊಟ್ಟೆಗೆ, ಎಲೆಕ್ಷನ್ನಿಗೆ ನಿಲ್ಲುವುದು ಜೀವಕ್ಕೆ. ಪುರಸಭೆ, ಸಹಕಾರಿ ಬ್ಯಾಂಕು, ಹಾಲಿನ ಸೊಸೈಟಿ, ಓಣಿಯ ಗಣಪತಿ ಮಂಡಳಿ... ಎಲ್ಲಿ ಮತ ಹಾಕಲು ಒಂದು ಡಬ್ಬಿ ಇಟ್ಟಿದ್ದಾರೋ ಅಲ್ಲಿ ಕಾಕಾ ನಾಮಪತ್ರ ಹಾಕಿದ್ದಾನೆ. ಗೆದ್ದದ್ದು ಮಾತ್ರ ಎಲ್ಲೂ ಇಲ್ಲ.

ಸೋಲುವುದಕ್ಕೂ ಒಂದು ವಿದ್ಯೆ ಬೇಕಲ್ಲ? ಅದು ಕಾಕಾನಿಗೆ ಕರಗತ. ಪುರಸಭೆ ಚುನಾವಣೆಯಲ್ಲಿ ಮೇಲಿನ ಓಣಿಯ ಹೆಂಗಸರು, "ನಿಮ್ಮನ್ನ ಆರಿಸಿ ಕಳಿಸಿದ್ರ ನಮ್ಮ ಓಣಿಗೆ ದಿನಾ ನೀರು ಬರತಾವೇನ್ರಿ?" ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ನೀರೇನು, ಹಾಲೇ ಹರಿಸುತ್ತೇನೆ ಎನ್ನುತ್ತಿದ್ದರು. ಕಾಕಾ ಹೇಳಿದ್ದೇನು? "ಪೈಪಿನ ವ್ಯಾಪಾರದಾಗ ಕೂದಲು ಬೆಳ್ಳಗ ಮಾಡಿಕೊಂಡೇನಿ ತಾಯಿ. ನಿಮ್ಮ ಓಣಿ ಏರಿನ ಮ್ಯಾಲೈತಿ. ಬರೂದಿಲ್ಲ." ಆ ಓಣಿಯಿಂದ ಒಂದು ಓಟೂ ಬರಲಿಲ್ಲ.

ಹಾಲಿನ ಸೊಸೈಟಿಯ ಕಥೆ ಇನ್ನೂ ಚೆಂದ. ಅಲ್ಲಿ ಕಾಕಾ ಸೋತದ್ದು ಒಂದೇ ಒಂದು ಓಟಿನಿಂದ. ಎಲ್ಲರೂ ಅಯ್ಯೋ ಪಾಪ ಎನ್ನುವಾಗ ಕಾಕಾನ ಹೆಂಡತಿ ಕಾಕುವಿಗೆ ಏನೋ ಅನುಮಾನ ಬಂತು.

"ಖರೆ ಹೇಳ್ರಿ. ನಿಮ್ಮ ಓಟು ಯಾರಿಗೆ ಹಾಕಿದ್ರಿ?"

"ಇದುರಿನವಗ."

"ಅಯ್ಯ ನನ್ನ ಶಿವನ! ಯಾಕ್ರಿ?"

"ನನಗ ಹಾಕ್ರಿ ಅಂತ ಮಂದೀನ ಕೇಳೋದ ಒಂದು ನಾಚಿಕಿ. ಮತ್ತ ಒಳಗ ಹೋಗಿ ನನಗ ನಾನ ಹಾಕ್ಕೊಳ್ಳೋದಂದ್ರ? ಮನಷ್ಯಾಗ ಒಂದೀಟು ಮರ್ಯಾದಿ ಬ್ಯಾಡೇನು?"

ಕಾಕು ಅಂದು ಹಣೆ ಹಣೆ ಬಡಿದುಕೊಂಡಳು.

ಇಂಥ ಕಾಕಾನ ಮೇಲಿನ ಮನೆ ಖಾಲಿಯಾದಾಗ ಬಾಡಿಗೆಗೆ ಬಂದವರು ಮಿಜೋರಾಮಿನ ಒಬ್ಬ ಪಾಸ್ಟರು, ಅವರ ಹೆಂಡತಿ ಮತ್ತು ಒಬ್ಬ ಪುಟ್ಟ ಮಗಳು. ಅವರದು ಪ್ರೆಸ್ಬಿಟೇರಿಯನ್ ಎನ್ನುವ ಕ್ರೈಸ್ತ ಪಂಗಡ. ಅವರ ಗುಡ್ಡದೂರುಗಳಲ್ಲಿ ಮನೆಮನೆಯಲ್ಲೂ ಅವರೇ ಅಂತೆ; ನಮ್ಮ ಕಡೆ ದೀಪ ಹಿಡಿದು ಹುಡುಕಿದರೂ ಒಬ್ಬರು ಸಿಗುತ್ತಿರಲಿಲ್ಲ. ಅದಕ್ಕೇ ಅವರ ದೊಡ್ಡ ಸಭೆ, ಅಂದರೆ ಚರ್ಚು, ಇವರನ್ನು ಇಷ್ಟು ದೂರ ಕಳಿಸಿತ್ತು. ಓಣಿಯ ಮಂದಿ ಮುಖ ನೋಡಿ ನೇಪಾಳದವರೋ ಚೀನಾದವರೋ ಎಂದು ಗುಸುಗುಸು ಶುರು ಮಾಡಿದಾಗ ಕಾಕಾ ಶಾಲೆಯಲ್ಲಿ ಪಾಠ ಹೇಳುವ ನನ್ನ ಹತ್ತಿರ ನಕಾಶೆ ಇಸಕೊಂಡು ಹೋಗಿ ಕಟ್ಟೆಯ ಮೇಲೆ ಬಿಚ್ಚಿದ. "ನೋಡ್ರಿ, ಇದು ನಮ್ಮ ದೇಶದಾಗ ಐತಿ. ಇವರೂ ನಮ್ಮಂಗ ಓಟು ಹಾಕತಾರ!" ಕಾಕಾನ ಲೆಕ್ಕದಲ್ಲಿ ಮನುಷ್ಯರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ.

ಬಂದ ಹೊಸದರಲ್ಲಿ ಅವರು ಹಾಲಿಲ್ಲದ ಚಹಾ ಕುಡಿಯುವುದನ್ನು ಕಾಕು ನೋಡಿದಳು. ಪಾಪ, ಹಾಲು ಕೊಳ್ಳುವ ಶಕ್ತಿಯಿಲ್ಲ! ಅಂದಿನಿಂದ ದಿನಾ ಒಂದು ತಂಬಿಗೆ ಹಾಲು ಮೇಲೆ ಹೋಗತೊಡಗಿತು. ಅವರ ಊರಿನಲ್ಲಿ ಚಹಾ ಎಂದರೇ ಕರಿ ಚಹಾ ಎಂದು ಹೇಳುವಷ್ಟು ಕನ್ನಡ ಪಾಸ್ಟರ ಹೆಂಡತಿಗೆ ಬರುತ್ತಿರಲಿಲ್ಲ, ಬೇಡ ಎನ್ನುವಷ್ಟು ಒರಟುತನವೂ ಇರಲಿಲ್ಲ. ಕೆಲವೇ ತಿಂಗಳಲ್ಲಿ ನಮ್ಮ ಓಣಿಯ ಬೆಕ್ಕು ಮೆಟ್ಟಿಲು ಹತ್ತಲಾರದಷ್ಟು ದಪ್ಪಗಾಯಿತು.

ಆಕೆ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಯಾಕೆಂದು ಕಾಕು ಕೈಸನ್ನೆಯಲ್ಲೇ ಕೇಳಿದಳು. ಆಕೆ ಹರಕು ಹಿಂದಿಯಲ್ಲಿ ಹೇಳಿದ್ದು ಇಷ್ಟು: ನಮ್ಮೂರಿನ ಹೆಂಗಸರೆಲ್ಲ ಪ್ರತಿ ಊಟಕ್ಕೂ ಹೀಗೆ ಒಂದು ಹಿಡಿ ತೆಗೆದಿಡುತ್ತಾರೆ, ಆ ಅಕ್ಕಿ ಮಾರಿಯೇ ನಮ್ಮಂಥವರನ್ನು ದೂರದೂರಿಗೆ ಕಳಿಸುತ್ತಾರೆ. ಕಾಕು ಕೆಳಗಿಳಿದು ಬಂದವಳೇ ಕಾಕಾನ ಮುಂದೆ ನಿಂತಳು. "ಕೇಳಿದ್ರೇನು? ಅವರ ಹೆಣ್ಮಕ್ಕಳು ಹಿಡಿ ಹಿಡಿ ಅಕ್ಕಿ ಕೂಡಿಸಿ ಇಲ್ಲೀತನಕ ಮುಟ್ಟಿಸ್ಯಾರ. ನೀವು ಇಷ್ಟ ವರ್ಷ ಪಾಂಪ್ಲೆಟ್ ಹೊಡಸಿ ಪುರಸಭಾದ ಪಾವಟಿಗಿ ಹತ್ತಲಿಲ್ಲ!"

ಪಾಸ್ಟರಿಗೆ ಕನ್ನಡ ಕಲಿಸುವ ಕೆಲಸವನ್ನು ಕಾಕಾ ತಾನೇ ಹೊತ್ತುಕೊಂಡ. ನಾನು ಕಲಿಸುತ್ತೇನೆ ಎಂದರೆ, "ನಿಂದು ಪುಸ್ತಕದ ಕನ್ನಡ, ಅದು ಮಂದಿಗೆ ಮುಟ್ಟೂದಿಲ್ಲ" ಎಂದು ನನ್ನನ್ನು ಸಾಗಹಾಕಿದ. ಮುಟ್ಟುವ ಕನ್ನಡ ಹೇಗಿತ್ತೆಂದು ಗೊತ್ತಾದದ್ದು ಪಾಸ್ಟರು ಮೊದಲ ಸಲ ಕನ್ನಡದಲ್ಲಿ ಪ್ರಸಂಗ ಮಾಡಿದ ಭಾನುವಾರ. ಮೇಲಿನ ಮನೆಯ ಪಡಸಾಲೆಯಲ್ಲಿ ನಾಲ್ಕಾರು ಮಂದಿ ಕುಳಿತಿದ್ದರು. ಪಾಸ್ಟರು ಎದ್ದು ನಿಂತು, ಕೈ ಮುಗಿದು, ಗಂಭೀರವಾಗಿ ಶುರು ಮಾಡಿದರು: "ಮಾನ್ಯ ಮತದಾರ ಬಂಧು ಭಗಿನಿಯರೇ!" ಮುಗಿಸಿದ್ದು ಹೇಗೆ ಅಂತೀರಿ? "ಯೇಸುಸ್ವಾಮಿಯನ್ನು ಪ್ರಚಂಡ ಬಹುಮತದಿಂದ ಆರಿಸಿ ತರಬೇಕೆಂದು ಕಳಕಳಿಯ ವಿನಂತಿ." ಹಿಂದೆ ನಿಂತಿದ್ದ ಕಾಕಾ ಚಪ್ಪಾಳೆ ತಟ್ಟಿದ.

ಸುತ್ತಲಿನ ಊರುಗಳಿಗೆ ಪಾಸ್ಟರ ಸ್ಕೂಟರಿನಲ್ಲಿ ಹಿಂದೆ ಕುಳಿತು ಹೋಗುವುದೂ ಕಾಕಾನ ಪಾಲಿಗೇ ಬಂತು. ಊರಿಗೊಂದು ಗುರುತು, ಗುರುತಿಗೊಂದು ಮನೆ. ಅಷ್ಟು ಎಲೆಕ್ಷನ್ ಸೋತವನಿಗೆ ಪರಿಚಯಕ್ಕೇನು ಬರವೇ? ಕಟಕೋಳದಲ್ಲಿ ಗೋಡೆ ಕಟ್ಟುವ ಒಬ್ಬ ಗೌಂಡಿಯ ಅಂಗಳದಲ್ಲಿ ಜನ ಸೇರಿದ್ದರು. ಹೊರಗಿನ ಊರಲ್ಲಿ ಕನ್ನಡಕ್ಕೆ ಧೈರ್ಯ ಸಾಲದೆ ಪಾಸ್ಟರು ಹಿಂದಿಯಲ್ಲಿ ಒಂದು ಮಾತು ಹೇಳಿದರು, ದೇವರು ಎಲ್ಲರನ್ನೂ ಪ್ರೀತಿಸುತ್ತಾನೆ ಎಂದು. ಕಾಕಾ ಅದನ್ನು ಕನ್ನಡಕ್ಕೆ ತಂದ. ತಂದ, ತಂದ, ತರುತ್ತಲೇ ಇದ್ದ! ಬೋರ್‌ವೆಲ್ಲು ಬಂತು, ಕಾಲುವೆ ಬಂತು, ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಬಂದರು. ಮುಂದೆ ಕುಳಿತ ಹೆಂಗಸರು ಕಣ್ಣೊರೆಸಿಕೊಂಡರು.

ವಾಪಸು ಬರುವಾಗ ಪಾಸ್ಟರು ಮೆಲ್ಲಗೆ ಕೇಳಿದರಂತೆ, "ಕಾಕಾ, ನಾ ಇಷ್ಟೆಲ್ಲಾ ಹೇಳಿದ್ನೇನ್ರಿ?"

"ನೀವು ಬೀಜ ಹಾಕಿದ್ರಿ. ನೀರು ಬಿಟ್ಟಾವ ನಾನು. ಪಂಪ್‌ಸೆಟ್ಟಿನ ಮನಷ್ಯಾ ಅದೇನಿ, ಬ್ಯಾರೆ ಏನ ಮಾಡ್ಲಿ?"

ಹೀಗೆ ಸಭೆ ಬೆಳೆಯಿತು. ಕಟಕೋಳದ ಗೌಂಡಿ, ಕಿತ್ತೂರಿನ ಒಬ್ಬ ದರ್ಜಿ, ಸವದತ್ತಿ ಕಡೆಯ ಒಬ್ಬ ನರ್ಸಬಾಯಿ, ಮನೋಳಿಯಿಂದ ಬದನೆಕಾಯಿ ಮಾರಲು ಬರುವ ಒಬ್ಬ ಆಯಿ, ಅವರವರ ಮನೆಮಂದಿ. ಕಟ್ಟೆಯ ಹಿರಿಯರಿಗೆ ಸುಮ್ಮನಿರಲಾಗಲಿಲ್ಲ. "ಏನಪಾ, ನೀನೂ ಅವರ ಪೈಕಿ ಆದೇನು?" ಎಂದು ಕಾಕಾನನ್ನು ತಡೆದು ಕೇಳಿದರು. ಕಾಕಾ ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಲಿಂಗ ತೋರಿಸಿದ. "ಮ್ಯಾಲಿನ ಮನಿ ಬಾಡಿಗಿ ಕೊಟ್ಟೇನಿ. ಇದನ್ನ ಕೊಟ್ಟಿಲ್ಲ." ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುವವನಲ್ಲ ಕಾಕಾ. ಪೂಜೆ ಮುಗಿಸಿ ಮೇಲೆ ಹೋಗಿ ಕುರ್ಚಿ ಜೋಡಿಸುತ್ತಿದ್ದ, ಅಷ್ಟೇ.

ನಿಜವಾದ ಮಜಾ ಶುರುವಾದದ್ದು ಮುಂದೆ. ಒಂದು ದಿನ ಪಾಸ್ಟರು ಮಾತಿನ ನಡುವೆ, ತಮ್ಮ ಪಂಗಡದಲ್ಲಿ ಪಾಸ್ಟರೊಬ್ಬರೇ ಏನನ್ನೂ ನಿರ್ಧರಿಸುವಂತಿಲ್ಲ, ಸಭೆಯವರು ಆರಿಸಿದ ಹಿರಿಯರು ಜೊತೆಗೆ ಕುಳಿತು ನಡೆಸಬೇಕು ಎಂದರು.

"ಆರಿಸಿದ್ದಂದ್ರ? ಹ್ಯಾಂಗ ಆರಸ್ತೀರಿ?"

"ಓಟು ಹಾಕಿ, ಕಾಕಾ."

ಕಾಕಾ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟ. "ಅಂದ್ರ ಗುರುಗಳೂ ಕಮಿಟಿ ಮಾತು ಕೇಳಬೇಕು?"

"ಹೌದ್ರಿ."

ಕಾಕಾ ಮೆಟ್ಟಿಲ ತುದಿಗೆ ಓಡಿ ಬಂದು ಕೆಳಗೆ ಕೂಗಿದ. "ಏ, ಹೊರಗ ಬಾ! ಈ ಧರ್ಮದಾಗ ಎಲೆಕ್ಷನ್ ಐತಿ!"

ಆದರೆ ಪಾಸ್ಟರ ಮುಖದಲ್ಲಿ ನಗೆ ಇರಲಿಲ್ಲ. ಇಷ್ಟು ದಿನ ಇದು ಬರೀ ಮಿಶನ್ ಕೋಣೆ. ಮಿಜೋರಾಮಿನಿಂದ ದೊಡ್ಡ ಪಾಸ್ಟರು ಬರುತ್ತಿದ್ದಾರೆ. ಅವರೆದುರು ಇಲ್ಲಿನವರು ತಮ್ಮದೇ ಹಿರಿಯರನ್ನು ಆರಿಸಿಕೊಂಡರೆ ಇದು ಪೂರ್ತಿ ಸಭೆಯಾಗುತ್ತದೆ. ಆರಿಸಿಕೊಳ್ಳದಿದ್ದರೆ ಕೋಣೆ ಮುಚ್ಚಿ, ಇವರನ್ನು ಬೇರೆ ರಾಜ್ಯಕ್ಕೆ ಕಳಿಸುತ್ತಾರೆ. ಪಾಸ್ಟರ ಮಗಳು ನಮ್ಮ ಶಾಲೆಗೇ ಬರುತ್ತಿದ್ದಳು. ನಮ್ಮ ಮಕ್ಕಳಿಗಿಂತ ಜೋರಾಗಿ "ಏ ಹೋಗಲೇ" ಎನ್ನಲು ಕಲಿತಿದ್ದಳು. ಕಾಕಾನಿಗೆ ಮಕ್ಕಳಿಲ್ಲ. ಅಂಗಡಿಯಿಂದ ಬಂದ ಕೂಡಲೇ "ಕೂಸು ಎಲ್ಲೈತಿ?" ಎಂಬುದೇ ಅವನ ಮೊದಲ ಮಾತು. ಆ ಕೂಸು ಹೋಗುವುದೆಂದರೆ!

ಕಾಕಾ ಅಂಗಡಿಗೆ ಬೀಗ ಹಾಕಿ ಪ್ರಚಾರಕ್ಕೆ ಇಳಿದ. ಇಳಿದರೆ ಏನಾಗಬೇಕು? ಇಡೀ ಸಭೆಯಲ್ಲಿ ನಿಲ್ಲುವವರೇ ಇಲ್ಲ! ಗೌಂಡಿ, "ನಾ ಪಾಪಿ ಅದೇನ್ರಿ, ನನಗ್ಯಾಕ ಹಿರೇತನ" ಎಂದು ಕೈ ಮುಗಿದ. ದರ್ಜಿ, "ನನಗಿಂತ ಗೌಂಡಿ ಛಲೋ ಮನಷ್ಯಾರಿ" ಎಂದ. ಕಾಕಾ ತಲೆ ಹಿಡಿದುಕೊಂಡು ನನ್ನ ಹತ್ತಿರ ಬಂದ. "ಏನ ಮಂದಿವಾ ತಂಗಿ ಇವರು! ನಮ್ಮ ಸೊಸೈಟಿ ಎಲೆಕ್ಷನ್ನಿನಾಗ ನಾ ಪಾಪಿ ಅದೇನಿ ಅಂತ ಒಬ್ಬನರ ಒಪ್ಪಿಕೊಂಡಿದ್ದು ಕೇಳೀಯೇನು?"

ರಿಕ್ಷಾಕ್ಕೆ ಮೈಕು ಕಟ್ಟಿಸುತ್ತೇನೆ ಎಂದ. ಪಾಸ್ಟರು ಗಾಬರಿಯಾದರು. "ಕಾಕಾ, ನಮ್ಮಲ್ಲಿ ಪ್ರಚಾರ ಮಾಡಂಗಿಲ್ಲ. ಬರೇ ಪ್ರಾರ್ಥನಿ."

"ಮತ್ತ ಪ್ರಾರ್ಥನಿ ಅಂದ್ರೇನ್ರಿ ಸಾಹೇಬ್ರ? ಸೀದಾ ಮ್ಯಾಲಿನವರ ಕಡೆ ವಶೀಲಿ!"

ಆ ಭಾನುವಾರ ಬಂತು. ಕಾಕಾ ಬೆಳಗಾಗುತ್ತಲೇ ಮೆಟ್ಟಿಲಿಗೆಲ್ಲ ಚೆಂಡುಹೂವಿನ ಮಾಲೆ ಕಟ್ಟಿಸಿದ್ದ. ಸವದತ್ತಿ, ರಾಮದುರ್ಗದ ಬಸ್ಸು ಹಿಡಿದು ಮಂದಿ ಬಂದರು, ಪಡಸಾಲೆ ತುಂಬಿತು. ನಾನು ಒಳಗೆ ಹಿಂದಿನ ಸಾಲಿನಲ್ಲಿ ಕುಳಿತೆ. ಕಾಕಾ ಮಾತ್ರ ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತ. ಒಳಗೆ ಬಾ ಎಂದರೆ, "ಓಟಿಲ್ಲದವರು ಬೂತಿನಾಗ ಇರಬಾರದು, ಕಾಯ್ದೆ ಐತಿ" ಎಂದು ನನ್ನನ್ನೇ ಗದರಿದ.

ಕನ್ನಡಕದ ದೊಡ್ಡ ಪಾಸ್ಟರು ಏನೋ ಹೇಳಿದರು. ನಮ್ಮ ಪಾಸ್ಟರು ಕನ್ನಡದಲ್ಲಿ ಕೇಳಿದರು, "ಹಿರಿಯರಾಗಾಕ ಯಾರು ಯೋಗ್ಯ ಅದಾರ? ಹೆಸರು ಹೇಳ್ರಿ."

ಗೌಂಡಿ ನೆಲ ನೋಡಿದ, ದರ್ಜಿ ಗೋಡೆ ನೋಡಿದ. ಪಾಸ್ಟರ ಹೆಂಡತಿ ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಆಗ ಮನೋಳಿಯ ಆಯಿ ಮೊಣಕಾಲು ಹಿಡಿದುಕೊಂಡು ಎದ್ದಳು.

"ನಾ ಹೇಳತೇನ್ರಿ. ನಮ್ಮ ಕಾಕಾರು. ನಾ ಜಡ್ಡಿಗಿ ಬಿದ್ದಾಗ ದವಾಖಾನಿಗೆ ಒಯ್ದವರು ಅವರು. ಇವತ್ತಿಗೂ ನನ್ನ ಬುಟ್ಟಿ ಬಸ್ಸಿನಿಂದ ಇಳಸವರು ಅವರು. ಹಿರಿಯರು ಅಂದ್ರ ಇನ್ನ ಹ್ಯಾಂಗಿರತಾರ್ರಿ?"

ಗೌಂಡಿ ಕೈ ಎತ್ತಿದ. ದರ್ಜಿ ಎತ್ತಿದ. ನರ್ಸಬಾಯಿ ಎತ್ತಿದಳು. ನೋಡನೋಡುತ್ತ ಪಡಸಾಲೆಯೆಲ್ಲ ಬರೀ ಕೈಗಳು. ಕೂಸು ಎರಡೂ ಕೈ ಎತ್ತಿ ಕುಣಿಯುತ್ತಿತ್ತು. ಕಾಕಾ ಯಾರಿಗೆ ಎತ್ತಿದ್ದಾರೆಂದು ಹಿಂತಿರುಗಿ ನೋಡಿದ. ಹಿಂದೆ ಮೆಟ್ಟಿಲು ಮಾತ್ರ ಇತ್ತು.

"ತಕರಾರು ಐತಿ!" ಎಂದು ಕೂಗಿದ. "ಈ ಮನಷ್ಯಾ ನಿಮ್ಮ ಸಭಾದ ಮೆಂಬರ ಅಲ್ಲ. ಇವನ ಹೆಸರು ಕಾಯ್ದೆ ಪ್ರಕಾರ ನಡಿಯೂದಿಲ್ಲ, ತಗದ ಹಾಕ್ರಿ." ಆಮೇಲೆ ಕೈ ಮುಗಿದ. "ಎತ್ತಿದ ಕೈ ಇಳಸಬ್ಯಾಡ್ರಿ. ನಿಮ್ಮ ಪೈಕಿ ಒಬ್ಬರ ಹೆಸರು ಹೇಳ್ರಿ. ಇಲ್ಲಾಂದ್ರ ಈ ಕೂಸು ಊರು ಬಿಟ್ಟು ಹೊಕ್ಕೈತಿ. ನಿಮ್ಮ ಕಾಲಿಗೆ ಬೀಳತೇನಿ."

ಎತ್ತಿದ ಕೈ ಯಾರೂ ಇಳಿಸಲಿಲ್ಲ. ಮೊದಲು ಬಾಯಿ ಬಿಟ್ಟವನು ದರ್ಜಿ. "ಕಾಕಾರು ಅಷ್ಟ ಅಂದ ಮ್ಯಾಲ... ಗೌಂಡಿ ಆಗಲಿ." ಗೌಂಡಿ ಎದ್ದು, "ನಾ ಆದ್ರ ದರ್ಜೀನೂ ಆಗಬೇಕು ಮತ್ತ" ಎಂದ. ಯಾರೂ ಬೇಡವೆನ್ನಲಿಲ್ಲ. ದೊಡ್ಡ ಪಾಸ್ಟರು ನಕ್ಕು ಇಬ್ಬರ ಕೈಯನ್ನೂ ಕುಲುಕಿದರು. ಮೇಲಿನ ಮನೆ ಪೂರ್ತಿ ಸಭೆಯಾಯಿತು. ಕೂಸು ಊರಲ್ಲೇ ಉಳಿಯಿತು. ಹಾಡು ಶುರುವಾದಾಗ ನಾನು ಕಾಕಾನನ್ನು ಹುಡುಕಿದರೆ ಬಾಗಿಲಲ್ಲಿ ಬರೀ ಚಪ್ಪಲಿಗಳಿದ್ದವು.

ನಾನು ಕೆಳಗಿಳಿದು ಬಂದರೆ ಕಾಕು ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಎಲ್ಲಾರೂ ಕೈ ಎತ್ತಿದ್ರು," ಎಂದ.

"ಯಾರಿಗ್ರಿ?"

"ನನಗ. ಆದ್ರ ನಾ ಒಲ್ಲೆ ಅಂದೆ."

ಈಗ ಬೈಗುಳ ಬರುತ್ತದೆಂದು ನಾನು ಕಾದೆ. ಗೆದ್ದದ್ದನ್ನೂ ಬಿಟ್ಟು ಬಂದ್ರಲ್ಲಾ ಎಂದು ಅವಳು ಅಂದೇ ಅನ್ನುತ್ತಾಳೆ, ಅನ್ನದೆ ಬಿಟ್ಟಾಳೆಯೇ? ಕಾಕು ಬಡಿಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಆಮೇಲೆ ಹಿಟ್ಟು ಮೆತ್ತಿದ ಬಲಗೈಯನ್ನು ಮೆಲ್ಲಗೆ ಮೇಲೆತ್ತಿದಳು.

"ಹಂಗಾದ್ರ ನಂದೂ ಒಂದು ಹಿಡೀರಿ."

ಕಾಕಾ ಹೊಸ್ತಿಲ ಮೇಲೆಯೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತ. ಹೊಸ್ತಿಲ ಮೇಲೆ ಯಾರು ಕುಳಿತರೂ ಬೈದು ಎಬ್ಬಿಸುವ ಕಾಕು ಅಂದು ಅವನನ್ನು ಎಬ್ಬಿಸಲಿಲ್ಲ. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು, ಅವಳು ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ.